ಶ್ರವಣಸಾಧನದ ಆಯ್ಕೆ: ಕೊಳ್ಳುವ ಮುನ್ನ ಯೋಚಿಸಬೇಕಾದ ಕ್ರಮ

(ಮೈಸೂರಿನಲ್ಲಿ ಹಿರಿಯ ನಾಗರಿಕರಿಗಾಗಿ ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಮಿತ್ರರೇ,

ಕಿವಿ ಮಂದವಾಗಿದೆ ಎಂಬುದನ್ನು ಒಪ್ಪಿಕೊಳ್ಳಲು ನಮ್ಮಲ್ಲಿ ಅನೇಕರು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಒಪ್ಪಿಕೊಂಡ ಮೇಲೆ ಶ್ರವಣಸಾಧನವನ್ನು ಕೊಂಡು ಮುಗಿಸಲು ಒಂದು ಗಂಟೆಯೂ ಹಿಡಿಯುವುದಿಲ್ಲ. ಪರೀಕ್ಷೆಗೆ ಬಂದವರು ಕುಳಿತ ಕೂಡಲೇ ಕೇಳುವ ಮೊದಲ ಪ್ರಶ್ನೆ ‘ಹೊರಗೆ ಕಾಣದ ಹಾಗಿರುವುದು ಇದೆಯೇ?’ ಎಂಬುದು, ಎರಡನೆಯದು ‘ಎಷ್ಟಾಗುತ್ತದೆ?’ ಎಂಬುದು. ಎರಡೂ ನ್ಯಾಯವಾದ ಪ್ರಶ್ನೆಗಳೇ, ಆದರೆ ಅವುಗಳ ಸರದಿ ಕೊನೆಯದು. ಕಿವಿಯ ಒಳಗಿನ ಸ್ಥಿತಿ ಹೇಗಿದೆ, ಕೇಳುವ ಶಕ್ತಿ ಯಾವ ಶ್ರುತಿಯಲ್ಲಿ ಎಷ್ಟು ಕುಗ್ಗಿದೆ, ದಿನವೂ ಯಂತ್ರವನ್ನು ಹಿಡಿದು ಹಾಕಿಕೊಳ್ಳಬೇಕಾದ ಬೆರಳುಗಳಲ್ಲಿ ಎಷ್ಟು ಹಿಡಿತವಿದೆ, ದಿನದ ಹೊತ್ತು ಎಲ್ಲಿ ಯಾರ ನಡುವೆ ಕಳೆಯುತ್ತದೆ ಎಂಬುವು ಮೊದಲು ಗೊತ್ತಾಗಬೇಕು. ಈ ಕ್ರಮ ತಲೆಕೆಳಗಾಗುವುದರಿಂದಲೇ ನಮ್ಮ ಮನೆಗಳ ಬೀರುಗಳಲ್ಲಿ ಇಷ್ಟೊಂದು ಕಿವಿ ಮಷಿನ್‌ಗಳು ಡಬ್ಬಿಯೊಳಗೇ ಉಳಿದಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂದು ನಾನು ಹೇಳಬೇಕೆಂದಿರುವುದೂ ಅದನ್ನೇ.

ಎಲ್ಲಕ್ಕಿಂತ ಮೊದಲು ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ಗುಗ್ಗೆ ಗಟ್ಟಿಯಾಗಿ ಕಿವಿಯ ನಾಳ ಮುಚ್ಚಿಹೋಗಿದ್ದವರಿಗೆ ಅದನ್ನು ತೆಗೆಸಿದ ಮಾತ್ರಕ್ಕೇ ಕೇಳಿಸತೊಡಗುವುದುಂಟು. ಕಿವಿಯ ತಮಟೆಯಲ್ಲಿ ತೂತಾಗಿದ್ದರೆ, ಅಥವಾ ಮಧ್ಯಕಿವಿಯ ಪುಟ್ಟ ಮೂಳೆ ಬಿಗಿದುಕೊಂಡಿದ್ದರೆ, ಶಸ್ತ್ರಚಿಕಿತ್ಸೆಯಿಂದ ಸರಿಹೋಗುವ ಸಾಧ್ಯತೆ ಇರುತ್ತದೆ. ಒಂದೇ ಕಿವಿಯಲ್ಲಿ ಕೇಳುವಿಕೆ ಕುಗ್ಗುತ್ತ ಅದೇ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ನಿರಂತರವಾಗಿದ್ದರೆ ವೈದ್ಯರು ಅದರ ಕಾರಣವನ್ನು ಹುಡುಕಿ ನೋಡಲೇಬೇಕು. ಇನ್ನು, ಒಂದು ಕಿವಿ ಹಠಾತ್ತಾಗಿ, ಅಂದರೆ ಒಂದು ದಿನದಲ್ಲೋ ಮೂರು ದಿನಗಳ ಒಳಗೋ ಕೇಳದಂತಾದರೆ ಅದನ್ನು ತುರ್ತು ಸ್ಥಿತಿಯೆಂದೇ ತಿಳಿಯಬೇಕು. ಸ್ಟಿರಾಯ್ಡ್ ಚಿಕಿತ್ಸೆ ಫಲಿಸುವ ಸಾಧ್ಯತೆ ಮೊದಲ ಎರಡು ವಾರಗಳಲ್ಲಿ ಹೆಚ್ಚು, ತಡವಾದಷ್ಟೂ ಕಡಿಮೆ. ‘ಶೀತಕ್ಕೆ ಕಿವಿ ಕಟ್ಟಿಕೊಂಡಿದೆ, ತಾನಾಗಿ ಬಿಡುತ್ತದೆ’ ಎಂದು ತಿಂಗಳು ಕಾದು ಬಂದವರನ್ನು ಕಂಡಾಗಲೆಲ್ಲ ಬಹಳ ಸಂಕಟವಾಗುತ್ತದೆ.

ವೈದ್ಯರು ನೋಡಿದ ಮೇಲೆ ಶ್ರವಣತಜ್ಞರು ಕೇಳುವಿಕೆಯನ್ನು ಅಳೆಯುತ್ತಾರೆ. ಈ ಕೆಲಸ ಮಾಡುವವರು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು; ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚಪಡಬೇಕಾದ ಕಾರಣವಿಲ್ಲ. ಪರೀಕ್ಷೆ ಸದ್ದು ನುಸುಳದ ಕೋಣೆಯಲ್ಲಿ ನಡೆಯಬೇಕು. ಫ್ಯಾನು ತಿರುಗುತ್ತಿರುವ, ರಸ್ತೆಯ ಹಾರ್ನು ಕೇಳಿಸುವ ಮಳಿಗೆಯಲ್ಲಿ ಐದು ನಿಮಿಷದಲ್ಲಿ ಮುಗಿಸಿಕೊಡುವ ‘ಉಚಿತ ಪರೀಕ್ಷೆ’ ನಿಮ್ಮ ಕಿವಿಯ ಜೊತೆಗೆ ಹೊರಗಿನ ಗದ್ದಲವನ್ನೂ ಅಳೆದಿರುತ್ತದೆ. ಅದನ್ನು ನಂಬಿ ಹಣ ಕೊಡಬಾರದು. ಮೈಸೂರಿನವರಿಗೆ ಈ ವಿಷಯದಲ್ಲಿ ಬೇರೆ ಊರುಗಳವರಿಗಿಲ್ಲದ ಅನುಕೂಲವಿದೆ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ, ಮತ್ತು ಕನ್ನಡದ ಮಾತುಗಳಿಂದಲೇ ಕೇಳುವಿಕೆಯನ್ನು ಪರೀಕ್ಷಿಸುವ ಪದಪಟ್ಟಿಗಳು ಅಲ್ಲಿ ಸಿದ್ಧವಾಗಿವೆ.

ಪರೀಕ್ಷೆಯ ಕೊನೆಗೆ ಕೈಗೆ ಬರುವ ಆಡಿಯೋಗ್ರಾಂ ಎಂಬ ನಕ್ಷೆಯನ್ನು ಓದುವುದನ್ನು ಪ್ರತಿಯೊಬ್ಬರೂ ಕಲಿಯಬಹುದು. ಅಡ್ಡಸಾಲಿನಲ್ಲಿ ಶ್ರುತಿ ಇರುತ್ತದೆ: ಎಡತುದಿಯಲ್ಲಿ 250 ಹರ್ಟ್ಸ್‌ನ ತಗ್ಗು ಸ್ವರ, ಬಲತುದಿಯಲ್ಲಿ 8000 ಹರ್ಟ್ಸ್‌ನ ಕೀರಲು ಸ್ವರ. ಮೇಲಿನಿಂದ ಕೆಳಕ್ಕೆ ಸದ್ದಿನ ಮಟ್ಟ ಡೆಸಿಬಲ್‌ಗಳಲ್ಲಿರುತ್ತದೆ. ಕೆಂಪು ಸೊನ್ನೆಗಳು ಬಲಗಿವಿಯವು, ನೀಲಿ ಗುಣಾಕಾರ ಚಿಹ್ನೆಗಳು ಎಡಗಿವಿಯವು. ಗೆರೆ ಕೆಳಗಿಳಿದಷ್ಟೂ ಆ ಶ್ರುತಿಯ ಸದ್ದು ಕೇಳಿಸಲು ಹೆಚ್ಚು ಜೋರಾಗಿರಬೇಕು ಎಂದರ್ಥ. ವಯಸ್ಸಿನಿಂದ ಬರುವ ಶ್ರವಣದೋಷದಲ್ಲಿ ಗೆರೆ ಎಡಗಡೆ ಮೇಲೇ ಇದ್ದು ಬಲಗಡೆಗೆ ಹೋಗುತ್ತ ಇಳಿಜಾರಾಗುತ್ತದೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ನಡುವೆಯೋ ಕಾರ್ಖಾನೆಯ ಯಂತ್ರಗಳ ಮುಂದೆಯೋ ವರ್ಷಾನುಗಟ್ಟಲೆ ದುಡಿದವರಲ್ಲಿ 4000 ಹರ್ಟ್ಸ್‌ನ ಆಸುಪಾಸಿನಲ್ಲಿ ಗುಂಡಿ ಬಿದ್ದಂತೆ ಕಾಣುತ್ತದೆ.

ಈ ಇಳಿಜಾರಿನ ಅರ್ಥ ತಿಳಿದರೆ ಹಿರಿಯರ ದೊಡ್ಡ ದೂರೊಂದು ತಿಳಿಯುತ್ತದೆ. ‘ನನಗೆ ಕೇಳಿಸುತ್ತದೆ, ಆದರೆ ಏನು ಹೇಳಿದರೆಂದು ಗೊತ್ತಾಗುವುದಿಲ್ಲ’ ಎಂದು ಅವರು ಹೇಳುವುದು ಅಕ್ಷರಶಃ ನಿಜ. ಮಾತಿನಲ್ಲಿ ಸ್ವರಾಕ್ಷರಗಳು ತಗ್ಗು ಶ್ರುತಿಯವು, ಬಲವಾದವು. ಸಕಾರ, ಶಕಾರ, ತಕಾರ, ಕಕಾರಗಳ ಗುರುತು ಹಿಡಿಯಲು ಬೇಕಾದ ಸದ್ದು ಎತ್ತರದ ಶ್ರುತಿಯಲ್ಲಿರುತ್ತದೆ, ಮತ್ತು ಅದು ಬಹಳ ಕ್ಷೀಣ. ಸಾಲು, ಕಾಲು, ಹಾಲು, ಪಾಲು ಎಂಬ ನಾಲ್ಕೂ ಮಾತುಗಳು ಇಂಥ ಕಿವಿಗೆ ‘ಆಲು’ ಎಂದೇ ತಲುಪುತ್ತವೆ. ಯಾವುದೆಂದು ಸಂದರ್ಭದಿಂದ ಊಹಿಸಬೇಕು. ಮದುವೆಮನೆಯ ಗದ್ದಲದಲ್ಲಿ ಊಹೆಗೂ ಆಸರೆ ಸಿಗದೆ ಮನುಷ್ಯ ಸುಮ್ಮನಾಗುತ್ತಾನೆ. ಇಂಥವರಿಗೆ ಎಲ್ಲ ಸದ್ದನ್ನೂ ಒಂದೇ ಸಮನೆ ಜೋರು ಮಾಡುವ ಯಂತ್ರ ಕೊಟ್ಟರೆ, ಮೊದಲೇ ಚೆನ್ನಾಗಿ ಕೇಳುತ್ತಿದ್ದ ಫ್ಯಾನಿನ ಸದ್ದು, ಬಸ್ಸಿನ ಗುಡುಗು ಇನ್ನಷ್ಟು ಜೋರಾಗಿ, ಸಕಾರ ಮಾತ್ರ ಹಿಂದಿನಂತೆಯೇ ಮುಚ್ಚಿಹೋಗುತ್ತದೆ. ಸಾಧನ ಎಲ್ಲಿ ಕೊರತೆಯಿದೆಯೋ ಅಲ್ಲಿ ತುಂಬಬೇಕು, ಇಲ್ಲದ ಕಡೆ ಸುಮ್ಮನಿರಬೇಕು.

ನಕ್ಷೆಯ ಜೊತೆಗೆ ಇನ್ನೊಂದು ಅಂಕಿಯನ್ನೂ ಕೇಳಿ ಪಡೆಯಿರಿ. ಆರಾಮವಾಗಿ ಕೇಳುವಷ್ಟು ಜೋರಾಗಿ ಪದಗಳನ್ನು ಹೇಳಿದಾಗ ಶೇಕಡ ಎಷ್ಟನ್ನು ಸರಿಯಾಗಿ ಹೇಳಿದಿರಿ ಎಂಬ ಅಂಕಿ ಅದು. ಶೇಕಡ 90 ಬಂದವರಿಗೆ ಸಾಧನದಿಂದ ಬಹಳಷ್ಟು ಉಪಯೋಗವಾಗುತ್ತದೆ. ಶೇಕಡ 40ರ ಹತ್ತಿರ ಬಂದವರಿಗೆ ಸದ್ದು ತಲುಪಿದರೂ ಒಳಕಿವಿ ಮತ್ತು ನರ ಅದನ್ನು ಸ್ಪಷ್ಟವಾಗಿ ಒಯ್ಯುತ್ತಿಲ್ಲವಾದ್ದರಿಂದ, ಎಷ್ಟೇ ಬೆಲೆಯ ಯಂತ್ರ ಹಾಕಿದರೂ ಎದುರು ಕುಳಿತು ಮುಖ ನೋಡುತ್ತ ಮಾತಾಡಬೇಕಾಗುತ್ತದೆ. ಈ ಮಾತನ್ನು ಮನೆಯವರಿಗೆ ಮೊದಲೇ ಬಿಡಿಸಿ ಹೇಳಬೇಕು. ಹೇಳದೆ ದುಬಾರಿ ಸಾಧನವನ್ನು ಮಾರುವುದು ಅನ್ಯಾಯ.

ಈಗ ಸಾಧನಗಳ ಬಗೆಗೆ ಬರೋಣ. ಜೇಬಿನಲ್ಲಿಟ್ಟು ವೈರಿನಿಂದ ಕಿವಿಗೆ ಜೋಡಿಸುವ ಪಾಕೆಟ್ ಮಾದರಿಯನ್ನು ಹಳೆಯದೆಂದು ತಳ್ಳಿಹಾಕುವವರುಂಟು. ಅದರ ಮೈಕು ಎದೆಯ ಮೇಲಿರುವುದರಿಂದ ಬಟ್ಟೆ ಉಜ್ಜಿದ ಸದ್ದೆಲ್ಲ ಕಿವಿಗೆ ಹೋಗುತ್ತದೆ ಎಂಬುದು ನಿಜ. ಆದರೆ ಬೆರಳುಗಳಿಗೆ ದೊಡ್ಡ ಗುಂಡಿ, ಎಲ್ಲ ಅಂಗಡಿಯಲ್ಲೂ ಸಿಗುವ ಪೆನ್ಸಿಲ್ ಸೆಲ್ಲು, ಕಡಿಮೆ ಬೆಲೆ ಬೇಕಾದ ಹಾಸಿಗೆ ಹಿಡಿದ ವೃದ್ಧರಿಗೆ ಅದು ಇಂದಿಗೂ ಕೆಲಸಕ್ಕೆ ಬರುತ್ತದೆ. ಕಿವಿಯ ಹಿಂದೆ ಕೂರುವ, ಪಾರದರ್ಶಕ ಕೊಳವೆಯ ಮೂಲಕ ಕಿವಿಯ ಅಚ್ಚಿಗೆ ತಕ್ಕಂತೆ ಮಾಡಿಸಿದ, ಕಿವಿಯೊಳಗೆ ಕೂರುವ ಮೋಲ್ಡ್‌ಗೆ ಜೋಡಿಸಿದ ಬಿಟಿಇ ಮಾದರಿ ಅಲ್ಪ ದೋಷದಿಂದ ಹಿಡಿದು ಅತಿ ತೀವ್ರ ದೋಷದವರೆಗೆ ಎಲ್ಲಕ್ಕೂ ಸಿಗುತ್ತದೆ. ಕಿವಿಯ ಹಿಂದೆ ಪುಟ್ಟ ಭಾಗವಿದ್ದು, ಸದ್ದು ಹೊರಡಿಸುವ ರಿಸೀವರ್ ಮಾತ್ರ ಸಣ್ಣ ತಂತಿಯ ತುದಿಯಲ್ಲಿ ಕಿವಿಯ ನಾಳದೊಳಗೆ ಕೂರುವುದು ಆರ್‌ಐಸಿ. ಕಿವಿಯ ಅಚ್ಚು ತೆಗೆದು ಆ ಆಕಾರಕ್ಕೇ ಮಾಡಿಸುವವು ಐಟಿಸಿ, ಸಿಐಸಿ ಮುಂತಾದ ನಾಳದೊಳಗಿನ ಸಾಧನಗಳು. ಎಲ್ಲರೂ ಆಸೆಪಡುವುದು ಈ ಕೊನೆಯ ಬಗೆಯನ್ನು.

ನಾಳದೊಳಗಿನ ಸಾಧನ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಐವತ್ತರ ಆಸುಪಾಸಿನ, ಮಧ್ಯಮ ದೋಷದ, ಒಣಗಿದ ಆರೋಗ್ಯವಂತ ನಾಳವಿರುವ, ಬೆರಳು ಚುರುಕಾಗಿರುವವರಿಗೆ ಅದು ಬಹಳ ಚೆನ್ನಾಗಿ ಒದಗುತ್ತದೆ. ಹೆಲ್ಮೆಟ್ ಹಾಕುವವರಿಗೂ ಅನುಕೂಲ. ಆದರೆ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಇವರಲ್ಲ, ಎಪ್ಪತ್ತು ದಾಟಿದವರು. ಚಿಕ್ಕ ಸಾಧನದಲ್ಲಿ ಹಿಡಿಯುವುದು ಚಿಕ್ಕ ಸೆಲ್ಲು. ಹಳದಿ ಕಾಗದದ 10ನೇ ನಂಬರಿನ ಸೆಲ್ಲಿನ ವ್ಯಾಸ 6 ಮಿಲಿಮೀಟರಿಗಿಂತಲೂ ಕಡಿಮೆ, ದಪ್ಪ 4 ಮಿಲಿಮೀಟರೂ ಇಲ್ಲ. ಹೆಚ್ಚೆಂದರೆ ವಾರವೊಂದು ಬರುತ್ತದೆ. ಅದರ ಹಿಂಬದಿಯ ಕಾಗದವನ್ನು ಉಗುರಿನಿಂದ ಸುಲಿದು, ಗಾಳಿ ಒಳಗೆ ಹೋಗಲು ಎರಡು ಮೂರು ನಿಮಿಷ ಹಾಗೆಯೇ ಬಿಟ್ಟು, ಸರಿಯಾದ ಮಗ್ಗುಲು ನೋಡಿ, ಅಕ್ಕಿಕಾಳಿನಷ್ಟಗಲದ ಬಾಗಿಲೊಳಗೆ ಕೂರಿಸಬೇಕು. ಸಕ್ಕರೆ ಕಾಯಿಲೆಯಿಂದ ಬೆರಳ ತುದಿಯ ಸ್ಪರ್ಶ ಮರಗಟ್ಟಿದವರಿಗೆ, ಕೈ ನಡುಗುವವರಿಗೆ, ಕಣ್ಣಿನ ಪೊರೆ ಇನ್ನೂ ತೆಗೆಸದವರಿಗೆ ಇದು ಪ್ರತಿ ವಾರದ ಶಿಕ್ಷೆ. ಸೆಲ್ಲು ಕೈಜಾರಿ ಬಿದ್ದು, ಹುಡುಕಲಾಗದೆ, ಮಗ ಸಂಜೆ ಬರುವವರೆಗೆ ಸಾಧನವಿಲ್ಲದೆ ಕುಳಿತವರು ಕ್ರಮೇಣ ಹಾಕಿಕೊಳ್ಳುವುದನ್ನೇ ಬಿಡುತ್ತಾರೆ.

ಆದ್ದರಿಂದ ಆಯ್ಕೆಗೆ ಮೊದಲು ನಾನು ಮಾಡಿಸುವ ಒಂದು ಸರಳ ಪರೀಕ್ಷೆಯಿದೆ. ಮಾದರಿ ಸಾಧನವನ್ನು ಹಿರಿಯರ ಕೈಗೇ ಕೊಟ್ಟು, ಮನೆಯವರು ಕೈ ಹಾಕಬಾರದೆಂದು ಹೇಳಿ, ಸೆಲ್ಲು ತೆಗೆದು ಹಾಕಲು, ಕಿವಿಗೆ ಕೂರಿಸಿ ಹೊರತೆಗೆಯಲು ಕೇಳುತ್ತೇನೆ. ಯಾವುದನ್ನು ಅವರು ತಾವಾಗಿ ಮಾಡಬಲ್ಲರೋ ಅದರೊಳಗೇ ಆಯ್ಕೆ. ಕಿತ್ತಳೆ ಕಾಗದದ 13ನೇ ನಂಬರು, ನೀಲಿ ಕಾಗದದ 675ನೇ ನಂಬರಿನ ಸೆಲ್ಲುಗಳು ದೊಡ್ಡವು, ಹೆಚ್ಚು ದಿನ ಬರುತ್ತವೆ. ರಾತ್ರಿ ಪೆಟ್ಟಿಗೆಯಲ್ಲಿಟ್ಟರೆ ಚಾರ್ಜ್ ಆಗುವ ಸಾಧನಗಳು ಈ ತೊಂದರೆಯನ್ನೇ ತಪ್ಪಿಸಿವೆ, ಹಿರಿಯರಿಗೆ ಅವು ನಿಜಕ್ಕೂ ವರದಾನ. ಆದರೆ ಅವುಗಳ ಒಳಗಿನ ಬ್ಯಾಟರಿ ನಾಲ್ಕೈದು ವರ್ಷಗಳಲ್ಲಿ ಸೊರಗುತ್ತದೆ. ಅದನ್ನು ಬದಲಾಯಿಸಿಕೊಡುವರೇ, ಎಷ್ಟು ಖರ್ಚು ಎಂದು ಕೊಳ್ಳುವಾಗಲೇ ಕೇಳಬೇಕು. ವಿದ್ಯುತ್ತು ಗಂಟೆಗಟ್ಟಲೆ ಹೋಗುವ ಊರಿನವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಿವಿಯ ಸ್ಥಿತಿಗೂ ಸಾಧನದ ಬಗೆಗೂ ಇರುವ ನಂಟು ಇನ್ನೂ ಗಾಢವಾದದ್ದು. ಕಿವಿ ಸೋರುವ ತೊಂದರೆ ನಮ್ಮಲ್ಲಿ ಬಹಳ ಸಾಮಾನ್ಯ. ಸೋರುವ ಕಿವಿಯನ್ನು ಬಿಗಿಯಾದ ಮೋಲ್ಡಿನಿಂದ ಮುಚ್ಚಿದರೆ ಗಾಳಿಯಾಡದೆ ಸೋಂಕು ಹೆಚ್ಚುತ್ತದೆ, ನಾಳದೊಳಗಿನ ರಿಸೀವರು ಕೀವಿಗೆ ಸಿಕ್ಕಿ ಕೆಡುತ್ತದೆ. ಅಂಥವರಿಗೆ ಗಾಳಿ ಕಿಂಡಿಯಿರುವ ಮೋಲ್ಡಿನ ಬಿಟಿಇ ಆಗಬಹುದು, ಅಥವಾ ಕಿವಿಯ ಹಿಂದಿನ ಮೂಳೆಯ ಮೂಲಕ ಸದ್ದು ತಲುಪಿಸುವ ಸಾಧನವಾಗಬಹುದು. ಹುಟ್ಟಿನಿಂದಲೇ ಕಿವಿಯ ನಾಳ ತೆರೆಯದ ಮಕ್ಕಳಿಗೂ ಇದೇ ದಾರಿ. ಗುಗ್ಗೆ ಹೆಚ್ಚಾಗಿ ಬರುವವರು ಆರ್‌ಐಸಿ ಆರಿಸಿದರೆ ರಿಸೀವರಿನ ತುದಿಯ ಪುಟ್ಟ ಜಾಲರಿಯನ್ನು ಬದಲಾಯಿಸುವುದನ್ನು ಕಲಿಯಲೇಬೇಕು. ‘ಮಷಿನ್ ಕೆಟ್ಟಿದೆ’ ಎಂದು ತರುವ ಸಾಧನಗಳಲ್ಲಿ ಎಷ್ಟೋ ಈ ಜಾಲರಿ ಕಟ್ಟಿಕೊಂಡವು ಮಾತ್ರ.

ಇಳಿಜಾರು ನಕ್ಷೆಯವರ ವಿಷಯದಲ್ಲಿ ಇನ್ನೊಂದು ಮಾತು. ತಗ್ಗು ಶ್ರುತಿ ಚೆನ್ನಾಗಿ ಕೇಳುವ ಕಿವಿಯನ್ನು ಪೂರ್ತಿ ಮುಚ್ಚಿದರೆ ತಮ್ಮ ದನಿಯೇ ಕೊಡದೊಳಗೆ ಮಾತಾಡಿದಂತೆ ಗುಂಯ್ ಎನ್ನುತ್ತದೆ, ಊಟ ಮಾಡುವಾಗ ಹಪ್ಪಳ ಕಡಿದ ಸದ್ದು ತಲೆಯೊಳಗೆಲ್ಲ ತುಂಬುತ್ತದೆ. ಈ ಕಾರಣಕ್ಕೇ ಅವರಿಗೆ ತುದಿಗೆ ತೆರೆದ ಡೋಮ್ (ನಾಳವನ್ನು ಪೂರ್ತಿ ಮುಚ್ಚದ, ಮೆತ್ತನೆಯ ಪುಟ್ಟ ಟೋಪಿ) ಹಾಕಿದ ಆರ್‌ಐಸಿ ಸಾಮಾನ್ಯವಾಗಿ ಹಿತವೆನಿಸುತ್ತದೆ. ದೋಷ 80 ಡೆಸಿಬಲ್ ದಾಟಿದವರಿಗೆ ಇದು ನಡೆಯದು. ಅಷ್ಟು ಬಲದ ಸದ್ದು ತೆರಪಿನಿಂದ ಹೊರಬಂದು ಮತ್ತೆ ಮೈಕಿಗೆ ಹೊಕ್ಕು ಸಿಳ್ಳೆ ಹೊಡೆಯುತ್ತದೆ. ಬಿಗಿಯಾದ ಮೋಲ್ಡಿನ ಪವರ್ ಬಿಟಿಇಯೇ ಬೇಕು. ಮೋಲ್ಡ್ ಎಂಬುದು ಸಾಧನದ ಜೊತೆ ಪುಕ್ಕಟೆ ಬರುವ ಪ್ಲಾಸ್ಟಿಕ್ ತುಂಡಲ್ಲ. ಎಷ್ಟೋ ಒಳ್ಳೆಯ ಸಾಧನಗಳು ಕೆಟ್ಟ ಮೋಲ್ಡಿನಿಂದ ಸೋತಿವೆ.

ನಮ್ಮ ಹವೆಯನ್ನೂ ನಮ್ಮ ಉಡುಗೆಯನ್ನೂ ಮರೆಯಬಾರದು. ಮಂಗಳೂರು, ಉಡುಪಿ, ಕಾರವಾರಗಳ ಬೆವರು, ಮಲೆನಾಡಿನ ಮಳೆಗಾಲದ ತೇವ ಸಾಧನದೊಳಗಿನ ಸೂಕ್ಷ್ಮ ಭಾಗಗಳಿಗೆ ದೊಡ್ಡ ಶತ್ರು. ಧೂಳು, ನೀರು ತಡೆಯುವ ಐಪಿ68 ಗುರುತಿರುವ ಸಾಧನವನ್ನೇ ಅಲ್ಲಿನವರು ಕೇಳಿ ಪಡೆಯುವುದು ಒಳ್ಳೆಯದು. ರಾತ್ರಿ ಸೆಲ್ಲು ಹೊರತೆಗೆದು, ಬಾಗಿಲು ತೆರೆದಿಟ್ಟು, ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿ ಸಾಧನವನ್ನು ಇಡುವ ಅಭ್ಯಾಸ ಎಲ್ಲರಿಗೂ ಬೇಕು. ಉತ್ತರ ಕರ್ನಾಟಕದಲ್ಲಿ ತಲೆಯ ಮೇಲೆ ಸೆರಗು ಹೊದೆಯುವ ತಾಯಂದಿರಿಗೆ ಕಿವಿಯ ಹಿಂದಿನ ಮೈಕಿನ ಮೇಲೆ ಬಟ್ಟೆ ಉಜ್ಜುವ ಸದ್ದು ತೊಂದರೆ ಕೊಡುತ್ತದೆ. ಸೆರಗು ಹೊದ್ದೇ ಸಾಧನವನ್ನು ಪರೀಕ್ಷಿಸಿ ನೋಡಬೇಕು. ದಪ್ಪ ಕಡ್ಡಿಯ ಕನ್ನಡಕದವರು ಕನ್ನಡಕ ಹಾಕಿಕೊಂಡೇ ಬರಬೇಕು.

ಈಗ ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಮೇಲಿನ ಎಲ್ಲವನ್ನೂ ನೋಡಿ ಸರಿಯಾದ ಸಾಧನವನ್ನೇ ಆರಿಸಿದರೂ, ಅದನ್ನು ನಿಮ್ಮ ಕಿವಿಗೆ ಹೊಂದಿಸುವ ಕೆಲಸ ಸರಿಯಾಗದಿದ್ದರೆ ಆ ಆಯ್ಕೆ ವ್ಯರ್ಥ. ನಕ್ಷೆಯನ್ನು ಕಂಪ್ಯೂಟರಿಗೆ ಉಣಿಸಿದ ಕೂಡಲೇ ತಂತ್ರಾಂಶ ತಾನಾಗಿ ಒಂದು ಹೊಂದಾಣಿಕೆಯನ್ನು ತೋರಿಸುತ್ತದೆ. ಅನೇಕ ಕಡೆ ಅದನ್ನೇ ಸಾಧನಕ್ಕೆ ಇಳಿಸಿ, ‘ಈಗ ಕೇಳಿಸುತ್ತಿದೆಯೇ?’ ಎಂದು ಎದುರಿನಿಂದಲೇ ಕೇಳಿ, ‘ಹೌದು’ ಎಂದಾಗ ಬಿಲ್ಲು ಬರೆಯುತ್ತಾರೆ. ಆ ಲೆಕ್ಕ ಸರಾಸರಿ ಕಿವಿಯದು. ಪ್ರತಿಯೊಬ್ಬರ ನಾಳದ ಉದ್ದ, ಅಗಲ ಬೇರೆ. ಒಂದೇ ಸದ್ದು ಒಬ್ಬರ ತಮಟೆಯ ಬಳಿ ಹೆಚ್ಚಾಗಿಯೂ ಇನ್ನೊಬ್ಬರಲ್ಲಿ ಕಡಿಮೆಯಾಗಿಯೂ ತಲುಪುತ್ತದೆ. ಕಂಪನಿಗಳ ತಂತ್ರಾಂಶ ಮೊದಲು ಕೊಡುವ ಹೊಂದಾಣಿಕೆಯಲ್ಲಿ ಎತ್ತರದ ಶ್ರುತಿಗೆ ಬೇಕಾದುದಕ್ಕಿಂತ ಕಡಿಮೆ ಬಲವಿರುವುದೇ ಸಾಮಾನ್ಯ. ಅಂದರೆ ಸಕಾರ, ಶಕಾರಗಳಿಗೆ ಅಲ್ಲಿಯೂ ಕೊರತೆಯೇ.

ಇದನ್ನು ಸರಿಪಡಿಸುವ ವಿಧಾನ ಇದೆ. ಕೂದಲೆಳೆಗಿಂತ ತುಸು ದಪ್ಪನೆಯ ಮೆತ್ತನೆಯ ಕೊಳವೆಯೊಂದನ್ನು ತಮಟೆಯ ಸಮೀಪದವರೆಗೆ ನಾಳದೊಳಗಿರಿಸಿ, ಅದರ ಮೇಲೆ ಸಾಧನವನ್ನು ಹಾಕಿ, ಮುಂದಿನ ಸ್ಪೀಕರಿನಿಂದ ಮೆಲುಮಾತು, ಸಾಧಾರಣ ಮಾತು, ಜೋರು ಮಾತಿನ ಮಟ್ಟದ ಸದ್ದನ್ನು ಕೇಳಿಸುತ್ತಾರೆ. ತಮಟೆಯ ಬಳಿ ನಿಜವಾಗಿ ಎಷ್ಟು ಸದ್ದು ತಲುಪಿತೆಂಬುದು ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ, ತಲುಪಬೇಕಾದ ಗುರಿಯ ಗೆರೆ ಪಕ್ಕದಲ್ಲಿರುತ್ತದೆ. ಎರಡೂ ಹತ್ತಿರ ಬರುವವರೆಗೆ ಸಾಧನವನ್ನು ತಿದ್ದುತ್ತಾರೆ. ನೋವಿಲ್ಲ, ಹೆಚ್ಚು ಹೊತ್ತೂ ಹಿಡಿಯುವುದಿಲ್ಲ. ಗುರಿಯ ಗೆರೆಯನ್ನು ಹಾಕುವ ಸೂತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಎನ್‌ಎಎಲ್-ಎನ್‌ಎಲ್2. ಅದರಲ್ಲಿ ಕೇಳುಗರ ಭಾಷೆ ಚೀನೀ ಭಾಷೆಯಂತೆ ಸ್ವರದ ಏರಿಳಿತದಿಂದ ಅರ್ಥ ಬದಲಾಗುವಂಥದ್ದೋ ಅಲ್ಲವೋ ಎಂದು ಗುರುತು ಮಾಡುವ ಅವಕಾಶವೂ ಇದೆ. ಕನ್ನಡ ಅಂಥ ಭಾಷೆಯಲ್ಲ. ಇಷ್ಟು ಸೂಕ್ಷ್ಮವಾಗಿ ಹೊಂದಿಸಬಹುದಾದ ಸಾಧನವನ್ನು ಅಂದಾಜಿನಲ್ಲಿ ಹಾಕಿ ಕಳಿಸುವುದು ಸರಿಯೇ? ‘ಕಿವಿಯೊಳಗೆ ಕೊಳವೆ ಇಟ್ಟು ಅಳೆದು ಹೊಂದಿಸುತ್ತೀರಾ?’ ಎಂಬ ಒಂದೇ ಪ್ರಶ್ನೆಯನ್ನು ನೀವು ನೆನಪಿಟ್ಟುಕೊಂಡು ಹೋದರೂ ಇಂದಿನ ನನ್ನ ಶ್ರಮ ಸಾರ್ಥಕ. ಹಾಗೆ ಹೊಂದಿಸಿಕೊಡುವ ಕೇಂದ್ರದ ಸಾಧಾರಣ ಬೆಲೆಯ ಸಾಧನ, ಹೊಂದಿಸದೆ ಕೊಡುವ ಕೇಂದ್ರದ ಅತಿ ದುಬಾರಿ ಸಾಧನಕ್ಕಿಂತ ಮೇಲು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಬೆಲೆಯ ವಿಷಯ. ಹತ್ತು ಹದಿನೈದು ಸಾವಿರದಿಂದ ಆರಂಭಿಸಿ ಜೋಡಿಗೆ ಮೂರು ನಾಲ್ಕು ಲಕ್ಷದವರೆಗೂ ಡಿಜಿಟಲ್ ಸಾಧನಗಳಿವೆ. ಹೆಚ್ಚಿನ ಬೆಲೆಗೆ ಹೆಚ್ಚು ಚಾನೆಲ್ಲುಗಳು (ಬೇರೆ ಬೇರೆ ಶ್ರುತಿಗಳನ್ನು ಪ್ರತ್ಯೇಕವಾಗಿ ತಿದ್ದಬಲ್ಲ ಭಾಗಗಳು), ಗದ್ದಲವನ್ನು ತಗ್ಗಿಸುವ ಜಾಣ್ಮೆ, ಎದುರಿನವರ ಮಾತಿನತ್ತಲೇ ಗಮನ ಹರಿಸುವ ಮೈಕು, ಬ್ಲೂಟೂತ್ ಸಿಗುತ್ತವೆ. ದಿನವೂ ಸಭೆಗಳಲ್ಲಿ ಕೂರುವವರಿಗೆ, ಪಾಠ ಹೇಳುವವರಿಗೆ, ವ್ಯಾಪಾರ ಮಾಡುವವರಿಗೆ ಇವು ಉಪಯೋಗಕ್ಕೆ ಬರುತ್ತವೆ. ಮನೆಯಲ್ಲಿ ಇಬ್ಬರು ಮೂವರ ನಡುವೆ ದಿನ ಕಳೆಯುವವರಿಗೆ ಆ ಹಣ ಬಹಳಮಟ್ಟಿಗೆ ಅನಗತ್ಯ. ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದ ಸಂಶೋಧಕರು ಹಿರಿಯರ ಮೇಲೆ ನಡೆಸಿ 2014 ಮತ್ತು 2016ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಒಳ್ಳೆಯ ರೀತಿಯಲ್ಲಿ ಹೊಂದಿಸಿದ ಸಾಧಾರಣ ದರ್ಜೆಯ ಸಾಧನಕ್ಕೂ ಮೇಲ್ದರ್ಜೆಯ ಸಾಧನಕ್ಕೂ ನಿತ್ಯಜೀವನದ ಉಪಯೋಗದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಈಚೆಗೆ ‘ಸಾಧನ ಹಾಕದಿದ್ದರೆ ಮರೆವಿನ ಕಾಯಿಲೆ ಬರುತ್ತದೆ’ ಎಂದು ಹೆದರಿಸಿ ಮಾರುವವರೂ ಇದ್ದಾರೆ. ಶ್ರವಣದೋಷಕ್ಕೂ ಮರೆವಿಗೂ ಸಂಬಂಧವಿದೆ ಎಂಬುದು ನಿಜ; ಆದರೆ 2023ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಸಾಧನದಿಂದ ಅನುಕೂಲ ಕಂಡದ್ದು ಅಪಾಯ ಹೆಚ್ಚಿದ್ದ ಗುಂಪಿನವರಲ್ಲಿ, ಎಲ್ಲರಲ್ಲೂ ಅಲ್ಲ. ಹೆದರಿ ಕೊಳ್ಳಬೇಡಿ, ಮಾತು ಕೇಳಬೇಕೆಂದು ಕೊಳ್ಳಿ.

ಬ್ಲೂಟೂತ್ ಬೇಕೆನ್ನುವವರು ತಮ್ಮದೇ ಫೋನನ್ನು ತಂದು ಜೋಡಿಸಿ ನೋಡಬೇಕು. ಎಲ್ಲ ಸಾಧನಗಳೂ ಎಲ್ಲ ಫೋನುಗಳೊಡನೆ ನೇರವಾಗಿ ಹೊಂದುವುದಿಲ್ಲ. ಕೀಪ್ಯಾಡ್ ಫೋನು ಬಳಸುವವರಿಗೆ ಒಂದು ಸೂಚನೆ: ಬಿಟಿಇ ಹಾಕಿದಾಗ ಫೋನನ್ನು ಕಿವಿಯ ತೂತಿಗೆ ಹಿಡಿಯದೆ, ಸಾಧನದ ಮೈಕಿರುವ ಕಿವಿಯ ಮೇಲುಭಾಗಕ್ಕೆ ಹಿಡಿಯಬೇಕು. ಇಷ್ಟು ಗೊತ್ತಿಲ್ಲದೆ ಫೋನಿಗಾಗಿ ಸಾಧನವನ್ನು ತೆಗೆದಿಡುವವರು ಬಹಳ.

ಅಮೆರಿಕದಲ್ಲಿರುವ ಮಕ್ಕಳು ಅಲ್ಲಿಂದ ತಂದುಕೊಡುವ ಸಾಧನಗಳ ಬಗ್ಗೆ ಈಗ ಹಲವರು ಕೇಳುತ್ತಾರೆ. 2022ರ ಅಕ್ಟೋಬರಿನಿಂದ ಅಲ್ಲಿ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲೇ ಸಾಧನ ಕೊಳ್ಳಬಹುದು. ಅವು 18 ವರ್ಷ ಮೀರಿದ, ಅಲ್ಪ ಮತ್ತು ಮಧ್ಯಮ ದೋಷವಿದೆಯೆಂದು ತಮಗನ್ನಿಸುವವರಿಗೆ ಮಾತ್ರ. ಅಪ್ಪನ ದೋಷ 70 ಡೆಸಿಬಲ್ ಇದ್ದರೆ ಮಗ ಪ್ರೀತಿಯಿಂದ ತಂದ ಆ ಸಾಧನದಲ್ಲಿ ಬೇಕಾದಷ್ಟು ಬಲವೇ ಇರುವುದಿಲ್ಲ. ಬಲವಿದ್ದ ಸಾಧನವಾದರೂ ಅದನ್ನು ಇಲ್ಲಿ ಹೊಂದಿಸಿ, ದುರಸ್ತಿ ಮಾಡಿಕೊಡುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಇನ್ನು ಆನ್‌ಲೈನಿನಲ್ಲಿ ಒಂದೆರಡು ಸಾವಿರಕ್ಕೆ ಸಿಗುವ ಯಂತ್ರಗಳು ಹೆಚ್ಚಾಗಿ ಎಲ್ಲ ಸದ್ದನ್ನೂ ಎತ್ತರಿಸುವವು. ಉಳಿದಿರುವ ಕೇಳುವಿಕೆಗೂ ಅವುಗಳಿಂದ ಹಾನಿಯಾಗಬಹುದು.

ಸರ್ಕಾರದ ನೆರವಿನ ವಿಚಾರ ಹೇಳಲೇಬೇಕು. ಅಂಗವಿಕಲರಿಗೆ ಸಾಧನಗಳನ್ನು ಒದಗಿಸುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಆದಾಯ ಮಿತಿಗೆ ಒಳಪಟ್ಟವರಿಗೆ, ಕನಿಷ್ಠ ಶೇಕಡ 40ರ ಅಂಗವೈಕಲ್ಯ ಪ್ರಮಾಣಪತ್ರವಿದ್ದರೆ ಸಾಧನ ಸಿಗುತ್ತದೆ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯ ನಾಗರಿಕರಿಗೆ ಊರುಗೋಲು, ಕನ್ನಡಕಗಳ ಜೊತೆಗೆ ಶ್ರವಣಸಾಧನವನ್ನೂ ಶಿಬಿರಗಳಲ್ಲಿ ಕೊಡುತ್ತಾರೆ. ಶಿಬಿರದಲ್ಲಿ ಸಿಕ್ಕಿದ್ದೆಂದು ಅದನ್ನು ಕಡೆಗಣಿಸಬೇಡಿ. ಹತ್ತಿರದ ಕೇಂದ್ರಕ್ಕೆ ಒಯ್ದು ನಿಮ್ಮ ನಕ್ಷೆಗೆ ಹೊಂದಿಸಿಸಿ, ಮೋಲ್ಡ್ ಮಾಡಿಸಿಕೊಳ್ಳಿ. ನನ್ನ ಕೊರಗೇನೆಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ 60 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ದೋಷವಿದ್ದವರನ್ನು ಮಾತ್ರ ಶ್ರವಣದೋಷವುಳ್ಳವರೆಂದು ಗುರುತಿಸುತ್ತದೆ. 50 ಡೆಸಿಬಲ್ ದೋಷವಿರುವ ಬಡ ದರ್ಜಿ ಗಿರಾಕಿಯ ಮಾತು ಕೇಳದೆ ಕೆಲಸ ಕಳೆದುಕೊಂಡರೂ ಪ್ರಮಾಣಪತ್ರದ ಲೆಕ್ಕಕ್ಕೆ ಸಿಗುವುದಿಲ್ಲ. ಇದು ಬದಲಾಗಬೇಕು.

ಎರಡು ಕಿವಿಯೂ ಮಂದವಾಗಿದ್ದರೆ ಎರಡಕ್ಕೂ ಸಾಧನ ಹಾಕುವುದೇ ಸರಿ. ಸದ್ದು ಯಾವ ಕಡೆಯಿಂದ ಬಂತೆಂದು ಮೆದುಳು ತಿಳಿಯುವುದು ಎರಡು ಕಿವಿಗಳ ವ್ಯತ್ಯಾಸದಿಂದ. ರಸ್ತೆ ದಾಟುವವರಿಗೆ ಇದು ಜೀವದ ಪ್ರಶ್ನೆ. ಒಂದೇ ಕಿವಿಗೆ ಹಾಕಿದರೆ ಇನ್ನೊಂದು ಕಿವಿಯ ಮಾತು ಹಿಡಿಯುವ ಶಕ್ತಿ ಬಳಕೆಯಿಲ್ಲದೆ ಕುಂದುವುದೂ ಉಂಟು. ಆದ್ದರಿಂದ ಹಣ ದುಬಾರಿಯ ಒಂದಕ್ಕಷ್ಟೇ ಇದ್ದರೆ, ಅದರ ಬದಲು ಸಾಧಾರಣವಾದ ಎರಡು ಕೊಳ್ಳಿ ಎನ್ನುತ್ತೇನೆ. ಒಂದು ಕಿವಿ ಪೂರ್ತಿ ಕೇಳದೆ ಇನ್ನೊಂದು ಚೆನ್ನಾಗಿರುವವರಿಗೆ, ಕೇಳದ ಕಡೆಯ ಸದ್ದನ್ನು ಕೇಳುವ ಕಡೆಗೆ ದಾಟಿಸುವ ಕ್ರಾಸ್ ಎಂಬ ಏರ್ಪಾಡು ಇದೆ.

ಮಕ್ಕಳ ವಿಷಯ ಬೇರೆಯೇ ಉಪನ್ಯಾಸವಾಗುವಷ್ಟಿದೆ. ಇಲ್ಲಿ ಇಷ್ಟು ಮಾತ್ರ ಹೇಳುತ್ತೇನೆ: ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಸಾಧನ ಎಂಬುದು ಎಲ್ಲೆಡೆ ಒಪ್ಪಿರುವ ಗುರಿ. ಮಗುವಿಗೆ ಮೆತ್ತನೆಯ ಮೋಲ್ಡಿನ, ಸೆಲ್ಲಿನ ಬಾಗಿಲಿಗೆ ಬೀಗವಿರುವ ಬಿಟಿಇಯೇ ಸೂಕ್ತ, ಏಕೆಂದರೆ ಸೆಲ್ಲು ನುಂಗಿದರೆ ಪ್ರಾಣಾಪಾಯ. ಕಿವಿ ಬೆಳೆದ ಹಾಗೆ ಮೋಲ್ಡನ್ನು ಕೆಲವೇ ತಿಂಗಳಿಗೊಮ್ಮೆ ಬದಲಾಯಿಸುತ್ತಿರಬೇಕು. ಸಾಧನದಿಂದಲೂ ಮಾತು ಕೇಳದಷ್ಟು ದೋಷವಿದ್ದರೆ ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟಿನ ಯೋಚನೆಯನ್ನು ತಡಮಾಡಬಾರದು.

ಕೊಂಡ ಮೇಲಿನ ಮೊದಲ ವಾರಗಳಲ್ಲೇ ಅನೇಕರು ಸೋಲುತ್ತಾರೆ. ಕನ್ನಡಕ ಹಾಕಿದ ಕೂಡಲೇ ಕಣ್ಣಿಗೆ ತಿಳಿಯಾಗುವಂತೆ ಕಿವಿಗೆ ಆಗುವುದಿಲ್ಲ. ವರ್ಷಗಳಿಂದ ತಲುಪದಿದ್ದ ಸದ್ದುಗಳು ಒಮ್ಮೆಲೇ ಬಂದಾಗ ಕುಕ್ಕರಿನ ಸೀಟಿ, ಪಾತ್ರೆಯ ಸದ್ದು, ಪೇಪರ್ ಮಡಚಿದ ಸದ್ದು ಎಲ್ಲವೂ ಸಿಟ್ಟು ಬರಿಸುತ್ತವೆ. ದಿನಕ್ಕೆ ಎರಡು ಮೂರು ಗಂಟೆ, ಮನೆಯೊಳಗೆ, ಒಬ್ಬರೊಡನೆ ಮಾತಾಡುತ್ತ ಆರಂಭಿಸಿ ವಾರ ವಾರಕ್ಕೆ ಹೊತ್ತನ್ನು ಹೆಚ್ಚಿಸಬೇಕು. ಏನು ಕಿರಿಕಿರಿಯಾಯಿತು, ಎಲ್ಲಿ ಮಾತು ತಪ್ಪಿತು ಎಂದು ಚೀಟಿಯಲ್ಲಿ ಬರೆದಿಟ್ಟು ಮುಂದಿನ ಭೇಟಿಯಲ್ಲಿ ತೋರಿಸಿದರೆ ಸಾಧನವನ್ನು ತಿದ್ದುವುದು ಸುಲಭ. ಆದ್ದರಿಂದ ಕೊಳ್ಳುವಾಗ ಟ್ರಯಲ್‌ಗೆ ಎಷ್ಟು ದಿನ, ಮರುಹೊಂದಾಣಿಕೆಗೆ ಶುಲ್ಕವಿದೆಯೇ, ವಾರಂಟಿ ಎಷ್ಟು ವರ್ಷ, ದುರಸ್ತಿಗೆ ಕಳಿಸಿದಾಗ ಬದಲಿ ಸಾಧನ ಕೊಡುವರೇ ಎಂಬುದನ್ನು ಬರೆಸಿಕೊಳ್ಳಬೇಕು. ಮೂವತ್ತು ಕಿಲೋಮೀಟರ್ ದೂರದ ಹಳ್ಳಿಯವರಿಗೆ, ತಿಂಗಳಿಗೊಮ್ಮೆ ಹೋಗಿಬರಲು ಆಗುವಷ್ಟು ಹತ್ತಿರದ ಕೇಂದ್ರವೇ ಮುಖ್ಯ.

ಉಪನ್ಯಾಸದ ನಂತರ ತಾಯಿಯೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. ಇದೇ ಸಂದೇಹ ಬಹಳ ಮನೆಗಳಲ್ಲಿ ಇದ್ದೀತು. ‘ನಮ್ಮ ಯಜಮಾನರು ಹಾಕಿಕೊಳ್ಳುತ್ತಿದ್ದ ಮಷಿನ್ ಮನೆಯಲ್ಲಿದೆ, ಅದನ್ನು ನಾನು ಹಾಕಿಕೊಳ್ಳಬಹುದೇ?’ ಎಂದು ಅವರು ಕೇಳಿದರು. ಅದು ನಾಳದೊಳಗಿನ ಸಾಧನವಾಗಿದ್ದರೆ ಅವರ ಕಿವಿಯ ಅಚ್ಚಿಗೇ ಮಾಡಿದ್ದಾದ್ದರಿಂದ ನಿಮಗೆ ಕೂರುವುದಿಲ್ಲ. ಕಿವಿಯ ಹಿಂದಿನ ಡಿಜಿಟಲ್ ಸಾಧನವಾಗಿದ್ದು, ಅದರ ಬಲ ನಿಮ್ಮ ದೋಷಕ್ಕೆ ಸಾಕಾಗುವಂತಿದ್ದರೆ ಖಂಡಿತ ಹಾಕಿಕೊಳ್ಳಬಹುದು. ಆದರೆ ಇದ್ದ ಹಾಗೆಯೇ ಹಾಕಿಕೊಳ್ಳಬಾರದು, ಅದರೊಳಗಿರುವುದು ಅವರ ಕಿವಿಯ ಲೆಕ್ಕ. ನಿಮ್ಮ ಕಿವಿಯನ್ನು ಪರೀಕ್ಷಿಸಿಸಿ, ಹೊಸ ಮೋಲ್ಡ್ ಮಾಡಿಸಿ, ಕೊಳವೆ ಬದಲಾಯಿಸಿ, ನಿಮ್ಮ ನಕ್ಷೆಗೆ ಹೊಸದಾಗಿ ಹೊಂದಿಸಿಸಬೇಕು. ಬಹಳ ಹಳೆಯ ಮಾದರಿಯಾದರೆ ಅದಕ್ಕೆ ಬೇಕಾದ ಕೇಬಲ್ಲು, ತಂತ್ರಾಂಶ ಕೇಂದ್ರದಲ್ಲಿ ಇಲ್ಲದಿರಬಹುದು. ಹೊರಡುವ ಮೊದಲು ಸಾಧನದ ಮೇಲಿರುವ ಕಂಪನಿಯ ಹೆಸರು, ಮಾದರಿಯ ಹೆಸರು, ಕ್ರಮಸಂಖ್ಯೆಯನ್ನು ಫೋನಿನಲ್ಲಿ ಓದಿ ಹೇಳಿ ಕೇಳಿಕೊಂಡು ಹೋಗಿ.